ತಿರುವಿನ ಹೂಳು

ಕಾಲುವೆ ಗ್ಯಾಂಗ್‌ಮನ್ ಗ್ಯಾನಪ್ಪನ ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ ಮುಗಿಯಿತು, ಅದನ್ನು ಹೊರಗೆಳೆಯಲು ದೇವರೇ ಇಳಿದು ಬರಬೇಕು. ತೊಂಬತ್ಮೂರರ ಚಳಿಗಾಲದಲ್ಲಿ ಹೊಕ್ಕ ವಿಚಾರವಂತೂ ಅವನ ಜೀವಕ್ಕೇ ಕುತ್ತಾಗಿತ್ತು.

ಮಸ್ಕಿಯ ಹತ್ತಿರ ಕಾಲುವೆ ಏರಿಯ ಮೇಲೆ ಎದೆ ಹಿಡಿದುಕೊಂಡು ಕುಸಿದವನನ್ನು ಹೆಂಡತಿ ಗದ್ದೆಮ್ಮ ಲಿಂಗಸುಗೂರಿಗೆ, ಡಾಕ್ಟರ್ ಖಾದರಬಾಷಾ ಅವರ ಬಳಿ ಕರೆದೊಯ್ದಿದ್ದಳು. ಅವರು ಹೈದರಾಬಾದಿಗೆ ಕಳಿಸಿ ಹೃದಯದ ನಾಳಗಳ ಚಿತ್ರ ತೆಗೆಸಿದರು. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಕವಲೊಡೆದ ನಾಳವೊಂದನ್ನು ಗೀಚಿ ತೋರಿಸಿದರು.

"ನೋಡು ಗ್ಯಾನಪ್ಪ, ರಕ್ತ ನೆಟ್ಟಗ ಹರಿಯೋ ಕಡೆ ನಾಳದ ಗೋಡಿ ಚಲೋ ಇರತೈತಿ. ಕವಲಿನ ಕಡೆ, ತಿರುವಿನ ಒಳಮಗ್ಗಲಕ ರಕ್ತ ನಿಧಾನ ಆಗಿ ಸುತ್ತತೈತಿ. ಕೊಬ್ಬು ಕೂಡೂದು ಅಲ್ಲೇ."

"ಅಯ್ಯ, ಇದು ನಮ್ಮ ಕಾಲುವಿ ಹೂಳು ಇದ್ದಂಗ ಐತಲ್ರೀ ಸಾಹೇಬ್ರ!" ಎಂದ ಗ್ಯಾನಪ್ಪ. ಡಾಕ್ಟರರಿಗೂ ಖುಷಿಯಾಯಿತು. ರಕ್ತದೊತ್ತಡ ಇಳಿಸುವ ಗುಳಿಗೆ ಬರೆದುಕೊಟ್ಟರು, ದಿನಾ ನಡೆಯಲು ಹೇಳಿದರು.

ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ಗ್ಯಾನಪ್ಪನ ಲೆಕ್ಕ ಬೇರೆಯೇ ಆಗಿತ್ತು. ಹೂಳು ಕೂತಾಗ ಗೇಟು ಎತ್ತಿ ನೀರು ರಭಸವಾಗಿ ಬಿಡುವವನು ತಾನು. ಒತ್ತಡ ಇಳಿಸುವುದೆಂದರೆ ಗೇಟು ಇಳಿಸಿದ ಹಾಗೇ ಅಲ್ಲವೇ? ನೀರು ನಿಧಾನವಾದರೆ ಹೂಳು ಇನ್ನಷ್ಟು ಕೂರುತ್ತದೆ! ಡಾಕ್ಟರು ಓದಿದವರು ನಿಜ, ಗೇಟು ತಿರುಗಿಸಿದವರೇನಲ್ಲ. ಮಹಾನುಭಾವ ಹನ್ನೊಂದು ದಿನ ಗುಳಿಗೆಯನ್ನು ಬಾಯಿಗೆ ಹಾಕಿದಂತೆ ಮಾಡಿ ತಂಬಾಕಿನ ಡಬ್ಬಿಗೆ ಸೇರಿಸಿದ. ಒತ್ತಡ ಏರಲಿ ಎಂದು ಉಪ್ಪಿನಕಾಯಿಯನ್ನೂ ಎರಡು ಹೋಳು ಹೆಚ್ಚೇ ತಿಂದ.

ಹನ್ನೆರಡನೆಯ ದಿನ ಅಂಗಿ ಒಗೆಯುವಾಗ ಡಬ್ಬಿ ಗದ್ದೆಮ್ಮನ ಕೈಗೆ ಸಿಕ್ಕಿತು. ಅವನು ತನ್ನ ಗೇಟಿನ ಲೆಕ್ಕವನ್ನೆಲ್ಲ ಒಪ್ಪಿಸಿದ. ಅವಳು ಬೈಯಲಿಲ್ಲ. ಡಬ್ಬಿ ಹಿಡಿದುಕೊಂಡೇ ಅವನನ್ನು ಏರಿಯ ಮೇಲೆ, ಹೊಸ ಕಲ್ಲು ಹಾಸಿದ ತಿರುವಿನವರೆಗೆ ಕರೆದುಕೊಂಡು ಹೋದಳು.

"ಮೂರು ವರ್ಷದ ಹಿಂದ ಇಲ್ಲಿ ಏನ್ ಮಾಡಿದಿ?"

"ಹೂಳು ಕೊಚ್ಚಿ ಹೋಗಲಿ ಅಂತ ಗೇಟು ಪೂರಾ ಎತ್ತಿದ್ನಿ."

"ಹೋತೇನು ಹೂಳು?"

ಗ್ಯಾನಪ್ಪ ನೀರು ನೋಡಿದ. ಅಂದು ಒಳಮಗ್ಗಲಿನ ಹೂಳು ಹಾಗೇ ಕೂತಿತ್ತು. ಹೊರಮಗ್ಗಲಿನ ಏರಿ ಒಡೆದು, ಕೆಳಗಿನ ಊರುಗಳ ಗದ್ದೆಗಳಿಗೆ ಎಂಟು ದಿನ ನೀರು ಹೋಗಿರಲಿಲ್ಲ.

"ನೀ ಹೂಳಿನ ಮಾತಷ್ಟ ಕೇಳಿಸ್ಕೊಂಡಿ. ಒತ್ತಡ ಹೆಚ್ಚಾದ್ರ ಗೋಡಿ ಕೆಡತೈತಿ, ಹರಿವು ಬೇಕಂದ್ರ ದಿನಾ ನಡಿ ಅಂದ್ರು ಸಾಹೇಬ್ರು. ಅದನ್ನ ನಾ ಕೇಳೀನಿ." ಗದ್ದೆಮ್ಮ ಹೊಸ ಕಲ್ಲಿನ ಕಡೆ ಬೆರಳು ಮಾಡಿದಳು. "ಅವತ್ತ ಏರಿ ಕಟ್ಟಾಕ ನೂರು ಮಂದಿ ಬಂದಿದ್ರು. ನಿನ್ನ ಎದಿಯೊಳಗಿನ ಏರಿ ಒಡದ್ರ ಯಾರನ್ನ ಕರೀಲಿ ನಾ?"

ಗ್ಯಾನಪ್ಪನಿಗೆ ಆಗ ಹೆದರಿಕೆಯಾಯಿತು. ಆಸ್ಪತ್ರೆಯಲ್ಲೂ ಅಷ್ಟು ಹೆದರಿರಲಿಲ್ಲ. ಡಬ್ಬಿಗೆ ಕೈ ಚಾಚಿದ.

"ತಪ್ಪಾತು. ಹನ್ನೊಂದೂ ಒಮ್ಮೆಲೇ ನುಂಗ್ತೀನಿ, ಕೊಡು."

ಗದ್ದೆಮ್ಮ ಡಬ್ಬಿಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಒಂದೇ ಒಂದು ಗುಳಿಗೆ ತೆಗೆದು ಅವನ ಅಂಗೈಗಿಟ್ಟಳು.

"ಇದಕ್ಕೂ ಗೇಟು ಪೂರಾ ಎತ್ತಬ್ಯಾಡ ಮಾರಾಯ," ಎಂದಳು, ಕಣ್ಣೊರೆಸಿಕೊಳ್ಳುತ್ತ.