ಮಂಗಳವಾರದ ಹತ್ತು ನಿಮಿಷ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಒಂದು ಎಕ್ಸ್‌ಪರ್ಟ್ ಸಿಸ್ಟಂ ಇತ್ತು. ಹೆಸರು ದೊಡ್ಡದು; ಒಳಗಿದ್ದದ್ದು ಬಣ್ಣದ ಮೇಸ್ತ್ರಿಯ ತಲೆಯೇ. ಒಂಬತ್ತು ವರ್ಷದ ಹಿಂದೆ ಅವನು ಹೇಳಿದ್ದನ್ನೆಲ್ಲ ಅವನ ಅಕ್ಕನ ಮಗಳು ಮುನ್ನೂರ ಹನ್ನೆರಡು ನಿಯಮಗಳಾಗಿ ಬರೆದು ಕಂಪ್ಯೂಟರಿಗೆ ತುಂಬಿದ್ದಳು. ಹೊಸ ಕೆಲಸದ ಹುಮ್ಮಸ್ಸಿನಲ್ಲಿ ಏನು ಮಾಡಬೇಕೆಂದು ಬರೆದಳೇ ಹೊರತು ಏಕೆಂದು ಒಂದಕ್ಕೂ ಬರೆಯಲಿಲ್ಲ. ಈಗ ಒಂದು ನಿಯಮ ಮುಟ್ಟಿದರೆ ಇನ್ನೆರಡು ಕೆಡುತ್ತಿದ್ದವು.

ಮ್ಯಾನೇಜರ್ ಗಡುವು ಕೊಟ್ಟಿದ್ದ: ತಿಂಗಳೊಳಗೆ ಹೊಸಬರೂ ಓದಿ ತಿದ್ದುವಂತಾಗದಿದ್ದರೆ ಸಿಸ್ಟಂ ಗುಜರಿಗೆ, ಅವಳು ಮನೆಗೆ.

ಪ್ರತಿ ನಿಯಮದ ಪಕ್ಕ ‘ಕಾರಣ’ ಎಂಬ ಕಾಲಂ ಹಾಕಿಕೊಂಡು ಅವಳು ದಿನವೂ ಮಾವನ ಎದುರು ಕೂತಳು. ಮಾವ ಅರಳು ಹುರಿದಂತೆ ಕಾರಣ ಹೇಳಿದ. ಆಮೇಲೆ ನೂರ ಹದಿನೆಂಟನೆಯದು ಬಂತು. ಮಂಗಳವಾರ ಕಡು ನೀಲಿ ಬಟ್ಟೆಯನ್ನು ತೊಟ್ಟಿಯಲ್ಲಿ ಹತ್ತು ನಿಮಿಷ ಹೆಚ್ಚು ಬಿಡಬೇಕು, ಇಷ್ಟೇ ಆ ನಿಯಮ.

“ಅವತ್ತು ನೀರು ತಣ್ಣಗಿರುತ್ತೆ, ಬರ್ಕೋ.”

“ಮೀಟರ್ ನೋಡಿದೀನಿ ಮಾವ. ಎಲ್ಲಾ ದಿನಾನೂ ಒಂದೇ ಬಿಸಿ.”

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮತ್ತೂ ಒರೆಸಿದ.

“ಒಂದು ಮಂಗಳವಾರ ಊಟ ಆದ್ಮೇಲೆ ನಿದ್ದೆ ಹೋಗ್ಬಿಟ್ಟೆ. ಹೊತ್ತು ಮೀರ್ತು ಅಂತ ಗಾಬರೀಲಿ ಎದ್ದು, ಸಮಯ ಆಗೋ ಮೊದಲೇ ಬಟ್ಟೆ ಎತ್ತಿಸ್ದೆ. ಬಣ್ಣ ಪೇಲವ ಆಯ್ತು. ತಪ್ಪನ್ನ ನೀರಿನ ತಲೆಗೆ ಕಟ್ಟಿ, ಮಂಗಳವಾರ ಹತ್ತು ನಿಮಿಷ ಜಾಸ್ತಿ ಬೇಕು ಅಂದೆ. ಮಾರನೇ ವಾರಾನೇ ನೀನು ಬರ್ಕೊಳ್ಳೋಕೆ ಬಂದೆ, ಅದೂ ನಿಯಮ ಆಗೋಯ್ತು.”

ಕಡು ನೀಲಿ ಹೆಚ್ಚು ನೆನೆದರೂ ಕೆಡುವುದಿಲ್ಲ. ಹಾಗಾಗಿ ಸುಳ್ಳು ಒಂಬತ್ತು ವರ್ಷ ಆರಾಮಾಗಿ ಬಾಳಿತು. ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಕನ್ನಡಕವಿಲ್ಲದ ಆ ಮುಖ ನೋಡಿ ಪಾಪ ಅನ್ನಿಸಿತು. ಕೈತಪ್ಪದ ಮೇಸ್ತ್ರಿ ಎಂಬ ಹೆಸರೊಂದೇ ಅವನ ಆಸ್ತಿ.

“ಅಳಿಸಿಬಿಡ್ತೀನಿ ಮಾವ. ಯಾರಿಗೂ ಗೊತ್ತಾಗಲ್ಲ.”

“ಸುಮ್ನೆ ಅಳಿಸಿದ್ರೆ, ನಾಳೆ ಇನ್ಯಾರೋ ಹಳೇ ಕಾಗದ ನೋಡಿ ಮತ್ತೆ ಸೇರಿಸ್ತಾರೆ. ನಿಯಮ ರದ್ದು ಅಂತ ಹಾಕಿ, ಕಾರಣ ಬರಿ. ಮೇಸ್ತ್ರಿ ನಿದ್ದೆ ಮಾಡಿದ್ದ ಅಂತಾನೇ ಬರಿ.”

ಅವಳು ಹಾಗೆಯೇ ಬರೆದಳು.

ತಿಂಗಳ ಕೊನೆಗೆ ಮ್ಯಾನೇಜರ್ ನಿಯಮಗಳ ಪುಟ ತಿರುವುತ್ತಾ ನೂರ ಹದಿನೆಂಟಕ್ಕೆ ಬಂದು ನಿಂತ. ಎರಡು ಸಲ ಓದಿ ನಕ್ಕ. “ಇದು ನನಗೂ ಅರ್ಥ ಆಯ್ತು,” ಎಂದು ಸಹಿ ಹಾಕಿದ.

ಮುಂದಿನ ಮಂಗಳವಾರ ಯಂತ್ರ ಆ ಹತ್ತು ನಿಮಿಷ ಕಾಯದೆ ಬಟ್ಟೆ ಎತ್ತಿತು. ಬಣ್ಣ ಸರಿಯಾಗಿಯೇ ಕೂತಿತ್ತು. ಮಾವ ಮಾತ್ರ ತೊಟ್ಟಿಯ ಪಕ್ಕದಿಂದ ಕದಲಲಿಲ್ಲ.

“ಬಾ ಮಾವ, ಮುಗೀತಲ್ಲ.”

“ಒಂಬತ್ತು ವರ್ಷ ಈ ಹತ್ತು ನಿಮಿಷ ಇಲ್ಲೇ ನಿಂತಿದೀನಿ ಕಣೇ, ಯಾರಾದ್ರೂ ಯಾಕೆ ಅಂತ ಕೇಳ್ತಾರೇನೋ ಅಂತ,” ಎಂದ ಮಾವ. “ಮೊನ್ನೆವರೆಗೂ ನೀನೂ ಕೇಳ್ಲಿಲ್ಲ.”