ದೃಷ್ಟಿಗೆ ಕಟ್ಟಿದ ಕಾಯಿ

ಪುಣಜನೂರಿನಲ್ಲಿ ಶಾಂತಮಲ್ಲಮ್ಮ ಕಟ್ಟಿಸುತ್ತಿದ್ದ ಮನೆಯ ಮುಂದಿನ ಗೋಡೆಯನ್ನು ಆನೆ ಕೆಡವಿತ್ತು. ಕಟ್ಟಡಕ್ಕೆ ವಿಮೆಯಿತ್ತು; ನಷ್ಟ ಎಷ್ಟೆಂದು ನೋಡಲು ಚಾಮರಾಜನಗರದಿಂದ ವಿಮೆ ಕಂಪನಿಯ ನಾಗೇಂದ್ರ ಬಂದಿದ್ದ. ಉಳಿದ ಮೂರು ಗೋಡೆಗಳಿಗೆ ಸೊಂಡಿಲೂ ತಾಗಿರಲಿಲ್ಲ. ಹತ್ತಿರ ಹಲಸಿಲ್ಲ, ಬಾಳೆಯಿಲ್ಲ. ಆನೆಗೇನು ಸುಮ್ಮಸುಮ್ಮನೆ ಗೋಡೆ ಕೆಡವುವ ಹುಚ್ಚೆ? ಅವನ ತಲೆಯಲ್ಲಿ ಹುಳ ಕೊರೆಯತೊಡಗಿತು. ಬಿದ್ದ ಇಟ್ಟಿಗೆ ಸರಿಸಿ ನೋಡಿದ. ಅಡಿಯಲ್ಲಿ ಹರಿದ ಹಗ್ಗ, ಜಗಿದು ಉಗಿದ ಸಿಪ್ಪೆ, ಬಿಳಿ ಬೀಜ.

“ಈ ಗೋಡೆಗೆ ಏನು ಕಟ್ಟಿದ್ರಿ ಅಮ್ಮ?”

“ಬೂದುಗುಂಬಳಕಾಯಿ ಕಣಪ್ಪ. ಕಟ್ಟೋ ಮನೆಗೆ ದೃಷ್ಟಿ ಆಗಬಾರ್ದಲ್ಲ.”

ಒಗಟು ಬಿಡಿಸಿದ ಖುಷಿಯಲ್ಲಿ ನಾಗೇಂದ್ರ ಬಾಯಿ ತೆರೆಯುವಷ್ಟರಲ್ಲಿ ಆಕೆ ಹಿಂದಿನ ಗೋಡೆಯತ್ತ ಕೈ ತೋರಿಸಿದಳು.

“ಒಂದು ಸಾಲ್ನಿಲ್ಲ ಅಂತ ಅಲ್ಲಿ ಎರಡು ಕಟ್ಟಿವ್ನಿ, ನೋಡು.”