ಹಸಿರು ಚುಕ್ಕೆಯ ಓಟ

ಗೆಳೆಯನ ದೇಹಕ್ಕೆ ಹೆಗಲು ಕೊಟ್ಟು ಗುಂಡಣ್ಣ ಮೆಟ್ಟಿಲಿಳಿಯುತ್ತಿದ್ದಾಗಲೇ ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆಯಲು ಕೈ ಬಿಡುವಿರಲಿಲ್ಲ. ಅದು ತಾನಾಗಿ ಸುಮ್ಮನಾಗಿ, ಮತ್ತೆ ಶುರುವಾಯಿತು.

"ಯಾವ ಆಸ್ಪತ್ರೆಯಿಂದಪ್ಪಾ ಫೋನು?" ಹಿಂದಿನಿಂದ ಯಾರೋ ಕೇಳಿದರು.

"ಯಾವುದಾದ್ರೇನು? ಇವತ್ತಿಂದ ಎಲ್ಲಾ ನನ್ ತಲೆಗೇ."

ಸತ್ತವನೂ ಅವನೂ ಸೇರಿ ಊರಿನ ಆಸ್ಪತ್ರೆಗಳ ಡಯಾಲಿಸಿಸ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಸತ್ತವನಿಗೆ ಜೊತೆಯವರು ಇಟ್ಟ ಹೆಸರು ಗಾಳಿರಾಯ. ಯಂತ್ರ ಕೆಟ್ಟರೆ ರೋಗಿ ಕಾಯುತ್ತಾ ಮಲಗಿರುತ್ತಾನೆಂದು ತಟ್ಟೆಯ ಮುಂದಿನಿಂದಲೂ ಎದ್ದು ಓಡುವ ಜೀವ. ನಿನ್ನೆ ಒಂದು ಯಂತ್ರ ಸರಿಮಾಡಿ, ಅದರ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ. ಸುತ್ತ ಡಾಕ್ಟರುಗಳಿದ್ದೂ ಉಳಿಯಲಿಲ್ಲ.

ದೇಹವನ್ನು ವ್ಯಾನಿಗೆ ಏರಿಸಿದ ಮೇಲೆ ಗುಂಡಣ್ಣ ಅಲ್ಲೇ ನಿಂತಿದ್ದ ಆಫೀಸಿನ ಲೆಕ್ಕದ ಮೇಡಂ ಹತ್ತಿರ ಹೋದ. ಯಾವ ಏರಿಯಾಕ್ಕೆ ಎಷ್ಟು ಜನ ಬೇಕೆಂದು ಕಂಪ್ಯೂಟರಿನಲ್ಲಿ ನೋಡಿ ಹೇಳುವವರು ಅವರೇ.

"ಅವನ ಜಾಗಕ್ಕೆ ಒಬ್ಬನ್ನ ಕೊಡ್ಸಿ ಮೇಡಂ. ಒಬ್ಬನ ಕೈಲಿ ಆಗೋ ಕೆಲ್ಸ ಅಲ್ಲ."

"ಬೆಳಿಗ್ಗೆನೇ ಕೇಳ್ದೆ. ಒಬ್ಬರೇ ಸಾಕು ಅಂತ ಕಂಪ್ಯೂಟರಲ್ಲಿ ಬರ್ತಿದೆಯಲ್ಲ ಅಂತಾರೆ ಮ್ಯಾನೇಜರು."

"ಆ ಒಬ್ಬ ಅವನು ಮೇಡಂ, ನಾನಲ್ಲ! ಅವನ ಸ್ಪೀಡು ಅದರಿಂದ ತೆಗೆದುಬಿಡಿ."

"ತೆಗೆಯೋಕೆ ಅವರು ಬಿಡ್ತಿಲ್ಲ ಗುಂಡಣ್ಣ," ಎಂದು ಮೇಡಂ ನೆಲ ನೋಡಿದರು.

*

ಹಿಂದೊಮ್ಮೆ ಮೇಡಂ ಗಾಳಿರಾಯನಿಗೆ ಪರದೆ ತೋರಿಸಿದ್ದರು. ಊರಿನ ನಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಯಂತ್ರ ಕೆಟ್ಟು ಕೆಂಪಗಾಗುತ್ತಿತ್ತು, ಹಸಿರು ಚುಕ್ಕೆಗಳು ಅತ್ತ ಓಡುತ್ತಿದ್ದವು. ನೀವು ಈವರೆಗೆ ಮಾಡಿದ ಕೆಲಸ ನೋಡಿಕೊಂಡು, ಮುಂದಿನ ವರ್ಷ ಹೇಗಿರುತ್ತದೆಂದು ಕಂಪ್ಯೂಟರು ತನ್ನೊಳಗೇ ಓಡಿಸಿ ನೋಡಿ, ಎಷ್ಟು ಜನ ಸಾಕೆಂದು ಹೇಳುತ್ತದೆ ಎಂದು ವಿವರಿಸಿದರು.

"ಇದು ನಾನಾ? ಹೊಟ್ಟೆನೇ ಇಲ್ವಲ್ಲ!" ಎಂದು ಗಾಳಿರಾಯ ಒಂದು ಚುಕ್ಕೆ ತೋರಿಸಿ ನಕ್ಕ. "ಚೆನ್ನಾಗಿ ಮಾಡಿ ತೋರಿಸಿದ್ರೆ ಇನ್ನೊಬ್ಬನ್ನ ಕೊಡುತ್ತಾ ಮೇಡಂ?"

ಮೇಡಂ ಸುಮ್ಮನೆ ನಕ್ಕರು. ಅವನು ಅದನ್ನು ಹೌದೆಂದುಕೊಂಡ. ಊಟದ ಡಬ್ಬಿ ಬಿಚ್ಚದೆ ಓಡಿದ. ಅವನು ಬೇಗ ಮುಗಿಸಿದಷ್ಟೂ ಕಂಪ್ಯೂಟರಿನ ಕಣ್ಣಿಗೆ ಜನ ಹೆಚ್ಚಾಗಿ ಕಂಡರು. ಮೂವರಿದ್ದ ಏರಿಯಾದಲ್ಲಿ ಇಬ್ಬರಾದರು, ಆಮೇಲೆ ಆ ಇಬ್ಬರೂ ಜಾಸ್ತಿ ಎಂದಿತು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡದ್ದು ಪಾಪ, ಅವನಿಗೆ ಗೊತ್ತಾಗಲೇ ಇಲ್ಲ.

*

ಮಣ್ಣು ಮುಗಿಸಿ ಎಲ್ಲರೂ ಗಾಳಿರಾಯನ ಮನೆಗೆ ಬಂದಾಗ ಅವನ ಹೆಂಡತಿ ಮೇಡಂ ಕೈ ಹಿಡಿದುಕೊಂಡಳು.

"ನಿಮ್ಮ ಕಂಪ್ಯೂಟರಲ್ಲಿ ಓಡಾಡ್ತಾ ಇರ್ತೀನಿ ಅಂತಿದ್ರು. ಇನ್ನೂ ಇದಾರಾ?"

ಆಫೀಸಿನಿಂದಲೇ ಬಂದಿದ್ದ ಮೇಡಂ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಇಲ್ಲವೆನ್ನಲು ಬಾಯಿ ಬರಲಿಲ್ಲ. ತೆರೆದರು. ನಕ್ಷೆಯ ತುಂಬ ಒಂದೇ ಒಂದು ಹಸಿರು ಚುಕ್ಕೆ ಓಡುತ್ತಿತ್ತು.

"ಇವರೇನಾ?"

"ಹೂಂ."

ಅವಳು ತುಂಬ ಹೊತ್ತು ನೋಡಿದಳು.

"ಊಟಕ್ಕೆ ಯಾವಾಗ ನಿಲ್ತಾರೆ?"

ಬಾಗಿಲ ಬಳಿ ಗುಂಡಣ್ಣನ ಫೋನು ಮತ್ತೆ ಬಡಿದುಕೊಂಡಿತು. ಅವನು ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟ.

"ಸಾಕು, ನಿಲ್ಲೀಂದ್ರೆ," ಎಂದು ಹೆಂಡತಿ ಚುಕ್ಕೆಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಚುಕ್ಕೆ ಬೆರಳಿನಡಿ ಮರೆಯಾಗಿ, ಆಚೆ ಕಡೆಯಿಂದ ಹೊರಬಂದು, ಮುಂದಿನ ಆಸ್ಪತ್ರೆಯತ್ತ ಓಡಿತು.